ಸೆಮಿನಾರ್ ಮುಗಿದ ಮೇಲೆ ಬರೆಸುವ ‘ಅನಿಸಿಕೆ’ ಹಾಳೆ: ‘ತುಂಬಾ ಚೆನ್ನಾಗಿತ್ತು’ ಅನ್ನುವುದನ್ನು ದಾಟಿಸುವುದು ಹೇಗೆ?

ಕಾಳಿ ಸಂಗಮ, ಕಾರವಾರ

ರಾಜ್ಯಶಾಸ್ತ್ರ ಕಲಿಸುವವರೂ ಕಲಿಯುವವರೂ ಇಲ್ಲಿ ಇದ್ದೀರಿ ಅಂತ ಕೇಳುತ್ತಿದ್ದೇನೆ. ಬಿಎ ತರಗತಿಯಲ್ಲಿ ಚುನಾವಣೆ ಮತ್ತು ಸಾರ್ವಜನಿಕ ನೀತಿ ಮೇಲೆ ಗುಂಪು ಸೆಮಿನಾರ್. ಗುಂಪಿಗೆ ನಾಲ್ಕು ಜನ, 12 ನಿಮಿಷ ಮಂಡನೆ, 5 ನಿಮಿಷ ಪ್ರಶ್ನೆ. ಕೂತು ಕೇಳಿದವರು ಒಂದು ಪುಟ ಅನಿಸಿಕೆ ಬರೆದುಕೊಡಬೇಕು. ವಿಷಯ ಎಲ್ಲ ನಮ್ಮ ಉತ್ತರ ಕನ್ನಡ ಜಿಲ್ಲೆಯವೇ: ಆಸ್ಪತ್ರೆ ಬೇಡಿಕೆ, ಹೆದ್ದಾರಿಯ ಗುಡ್ಡ ಕುಸಿತ, ಅರಣ್ಯ ಅತಿಕ್ರಮಣ, ಮೀನುಗಾರಿಕೆ ನಿಷೇಧದ ಎರಡು ತಿಂಗಳು, ಗ್ಯಾರಂಟಿಗಳು, ನೋಟಾ (‘ಮೇಲಿನ ಯಾರೂ ಬೇಡ’ ಅನ್ನುವ ಮತ).

ಮಂಡನೆ ಅಡ್ಡಿಲ್ಲ. ಅನಿಸಿಕೆ ಹಾಳೆ ಮಾತ್ರ ಅಷ್ಟೂ ಒಂದೇ ಅಚ್ಚು: ‘ಸ್ನೇಹಿತರು ಬಹಳ ಚೆನ್ನಾಗಿ ವಿಷಯ ಮಂಡಿಸಿದರು. ಮತದಾನ ನಮ್ಮ ಹಕ್ಕು ಮತ್ತು ಕರ್ತವ್ಯ ಎಂದು ತಿಳಿಯಿತು. ಇಂಥ ಸೆಮಿನಾರ್ ಇನ್ನೂ ನಡೆಯಲಿ.’ ತಲೆಬರಹ ಮುಚ್ಚಿದರೆ ಮೀನಿನ ಸೆಮಿನಾರೋ ಆಸ್ಪತ್ರೆಯದೋ ಹೇಳಲಿಕ್ಕೆ ಬರುವುದಿಲ್ಲ. ಹಾಳೆಯ ನಮೂನೆ ಬದಲಿಸಬೇಕೋ, ಸೆಮಿನಾರನ್ನೇ ಬದಲಿಸಬೇಕೋ?

ಅಪ್ಪೆಮಿಡಿ, ಶಿರಸಿ

ಮೊದಲು ಆ ‘ಅನಿಸಿಕೆ’ ಅನ್ನುವ ಶಬ್ದ ತೆಗೆಯಿರಿ ಮೇಡಂ. ನಮ್ಮಲ್ಲಿ ಅನಿಸಿಕೆ ಅಂದರೆ ಬೀಳ್ಕೊಡುಗೆ ಸಮಾರಂಭದಲ್ಲಿ ವಂದನಾರ್ಪಣೆಗಿಂತ ಮುಂಚೆ ಇಬ್ಬರು ಎದ್ದು ಹೇಳುವುದು. ಅಲ್ಲಿ ಯಾರಾದರೂ ‘ಮೂರನೇ ಸ್ಲೈಡಿನ ಲೆಕ್ಕ ತಪ್ಪು’ ಅನ್ನುತ್ತಾರೆಯೇ? ಮಕ್ಕಳು ಶಬ್ದಕ್ಕೆ ತಕ್ಕ ಹಾಗೆ ಬರೆಯುತ್ತಿದ್ದಾರೆ, ಅಷ್ಟೆ.

ತಲೆಬರಹ ‘ಒಂದು ಮಾತಿನ ತಪಾಸಣೆ’ ಅಂತ ಮಾಡಿ. ಕೆಳಗೆ ಮೂರೇ ಖಾನೆ. ಒಂದನೆಯದರಲ್ಲಿ ಸೆಮಿನಾರಿನಲ್ಲಿ ಕೇಳಿದ ಒಂದು ಹೇಳಿಕೆ, ಸ್ಲೈಡ್ ನಂಬರ್ ಸಮೇತ, ಇದ್ದದ್ದು ಇದ್ದ ಹಾಗೆ. ಎರಡನೆಯದರಲ್ಲಿ ಅದನ್ನು ಎಲ್ಲಿ ಹೋಗಿ ನೋಡಿದೆ, ಅಲ್ಲಿ ಏನಿತ್ತು. ಮೂರನೆಯದರಲ್ಲಿ, ನೋಡಿದ ಮೇಲೆ ಆ ಹೇಳಿಕೆ ನಿಂತಿತೋ, ಅರ್ಧ ನಿಂತಿತೋ, ಬಿತ್ತೋ. ಒಟ್ಟು 150 ಶಬ್ದ ಧಾರಾಳ ಆಯಿತು. ಒಂದು ಪುಟ ತುಂಬಿಸಿ ಅಂದರೆ ತುಂಬಿಸಲಿಕ್ಕೆ ಸಿಗುವುದು ಹೊಗಳಿಕೆಯೇ.

ಬೂತ್ ಲೆಕ್ಕ, ಕುಮಟಾ

ಮೂರು ಖಾನೆ ಸರಿ. ಆದರೆ ಎರಡನೇ ಖಾನೆಗೆ ‘ಗೂಗಲ್ ನೋಡಿದೆ’ ಅಂತ ಬರುತ್ತದೆ, ಬರೆದಿಟ್ಟುಕೊಳ್ಳಿ. ಚುನಾವಣೆ ವಿಷಯವಾದರೆ ಎಲ್ಲಿ ನೋಡಬೇಕು ಅಂತ ಮೊದಲೇ ಹೇಳಿಕೊಡಬೇಕು.

ಬೂತ್‌ವಾರು ಮತ ಬೇಕಾದರೆ ನಮೂನೆ 20. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಕ್ಷೇತ್ರವಾರು ಪಿಡಿಎಫ್ ಇರುತ್ತದೆ. ಒಂದೊಂದು ಬೂತಿಗೆ ಒಂದು ಸಾಲು; ಪ್ರತಿ ಅಭ್ಯರ್ಥಿಗೆ ಬಿದ್ದ ಮತ, ನೋಟಾ, ಒಟ್ಟು ಅಂತ ಕಾಲಂ. ಅಂಚೆ ಮತ ಬೂತಿನ ಸಾಲುಗಳಲ್ಲಿ ಬರುವುದಿಲ್ಲ, ಕೊನೆಯಲ್ಲಿ ಬೇರೆಯೇ ಸಾಲು. ಬೂತುಗಳನ್ನಷ್ಟೇ ಕೂಡಿಸಿ ‘ಆಯೋಗದ ಲೆಕ್ಕ ತಾಳೆಯಾಗುತ್ತಿಲ್ಲ’ ಅಂತ ಸ್ಲೈಡ್ ಹಾಕುವವರು ಹೆಚ್ಚಾಗಿ ಆ ಕೊನೆ ಸಾಲು ಬಿಟ್ಟವರು.

ಅಭ್ಯರ್ಥಿಯ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ, ಓದು: ನಮೂನೆ 26, ಅಂದರೆ ನಾಮಪತ್ರದ ಜೊತೆಗಿನ ಪ್ರಮಾಣಪತ್ರ. ಆಯೋಗದ ಜಾಲತಾಣದಲ್ಲೇ ಸಿಗುತ್ತದೆ. ಪತ್ರಿಕೆಯ ಸಾರಾಂಶ ಬೇಡ, ಆ ಕಾಗದವನ್ನೇ ತೆರೆಯಲಿ. ಮತದಾನದ ಪ್ರಮಾಣವಾದರೆ ಆ ದಿನ ಸಂಜೆ ಟಿವಿಯಲ್ಲಿ ಬಂದ ಅಂಕಿ ಅಂದಾಜು. ದೂರದ ಬೂತುಗಳ ಲೆಕ್ಕ ಬಂದಂತೆ ಅದು ಬದಲಾಗುತ್ತದೆ. ಸಂಜೆಯ ಅಂಕಿಯನ್ನೂ ಅಂತಿಮ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ‘ರಾತ್ರಿ ಮತ ಹೆಚ್ಚಾಯಿತು’ ಅನ್ನುವ ಸ್ಲೈಡ್ ಪ್ರತಿ ವರ್ಷ ಒಂದಾದರೂ ಇರುತ್ತದೆ.

ಇನ್ನು ನಮ್ಮ ಜಿಲ್ಲೆಗೇ ಇರುವ ಗುಂಡಿಗಳು.

ಉತ್ತರ ಕನ್ನಡ ಲೋಕಸಭಾ ಕ್ಷೇತ್ರ ಬೇರೆ, ಉತ್ತರ ಕನ್ನಡ ಜಿಲ್ಲೆ ಬೇರೆ. ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರ: ನಮ್ಮ ಜಿಲ್ಲೆಯ ಆರು (ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ), ಜೊತೆಗೆ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರು. 2024ರ ಮೇ 7ರ ಮತದಾನದ ಕ್ಷೇತ್ರದ ಒಟ್ಟು ಅಂಕಿ ತಂದು ‘ನಮ್ಮ ಜಿಲ್ಲೆಯಲ್ಲಿ ಇಷ್ಟು’ ಅಂದರೆ ಎರಡು ತಾಲೂಕಿನ ಕಬ್ಬಿನ ಗದ್ದೆ ನಮ್ಮ ಲೆಕ್ಕಕ್ಕೆ ಬಂದಂತೆ.

ಹಳೆಯ ಫಲಿತಾಂಶಕ್ಕೆ ಹೋಲಿಸುವಾಗ 2008ರ ಕ್ಷೇತ್ರ ಪುನರ್ವಿಂಗಡಣೆ ಅಡ್ಡ ಬರುತ್ತದೆ. ಅಂಕೋಲಾ ಕ್ಷೇತ್ರ ಹೋಯಿತು, ಯಲ್ಲಾಪುರ ಬಂತು, ಲೋಕಸಭೆಯ ‘ಕೆನರಾ’ ಹೆಸರೂ ಹೋಯಿತು. 2004ರ ಕಾರವಾರವನ್ನು 2023ರ ಕಾರವಾರದ ಪಕ್ಕ ಇಟ್ಟು ಗೆರೆ ಎಳೆದರೆ ಅದು ಎರಡು ಬೇರೆ ಊರಿನ ಗೆರೆ.

ಬೂತ್ ನಂಬರೂ ಹಾಗೆಯೇ. ಮತದಾರರು ಹೆಚ್ಚಾದಾಗ ಬೂತ್ ಒಡೆಯುತ್ತಾರೆ, ಅಲ್ಲಿಂದ ಮುಂದಿನ ನಂಬರುಗಳೆಲ್ಲ ಸರಿಯುತ್ತವೆ. ನಂಬರ್ ನೋಡಿ ಹೋಲಿಸಬಾರದು, ಮತಗಟ್ಟೆ ಪಟ್ಟಿಯಲ್ಲಿ ಶಾಲೆಯ ಹೆಸರು ನೋಡಿ ಹೋಲಿಸಬೇಕು.

ಐದನೇ ಸೆಮ್, ಅಂಕೋಲಾ

ವಿದ್ಯಾರ್ಥಿಗಳ ಕಡೆಯಿಂದ ಎರಡು ಮಾತು. ವಾರಕ್ಕೆ ಮೂರು ಸೆಮಿನಾರ್ ಇದ್ದರೆ ಮೂರಕ್ಕೂ ತಪಾಸಣೆ ಮಾಡಲಿಕ್ಕೆ ಆಗುವುದಿಲ್ಲ, ಬಸ್ ಹಿಡಿದು ಊರು ಮುಟ್ಟುವುದೇ ಏಳು ಗಂಟೆ. ಎರಡನೆಯದು, ‘ಈ ಸ್ಲೈಡ್ ತಪ್ಪು’ ಅಂತ ಬರೆದರೆ ಆ ಗುಂಪಿನವರ ಇಂಟರ್ನಲ್ ಮಾರ್ಕ್ಸ್ ಕಡಿಮೆಯಾಗುತ್ತದೆ ಅಂತ ಎಲ್ಲರಿಗೂ ಹೆದರಿಕೆ. ಮುಂದಿನ ವಾರ ನಮ್ಮ ಸರದಿ ಇರುತ್ತದಲ್ಲ. ಅದಕ್ಕೇ ‘ಚೆನ್ನಾಗಿತ್ತು’ ಅಂತ ಬರೆಯುವುದು, ಬರೆಯಲಿಕ್ಕೆ ಬಾರದೆ ಅಲ್ಲ.

ಅಪ್ಪೆಮಿಡಿ, ಶಿರಸಿ

ತಂಗಿ ಹೇಳಿದ್ದು ಖರೆ. ನಿಜವಾದ ಕಾರಣ ಇದೇ, ನಾವು ನಮೂನೆ ಅಂತ ಕೂತಿದ್ದೇವೆ.

ಎರಡಕ್ಕೂ ದಾರಿ ಇದೆ. ಒಂದು ಸೆಮಿನಾರಿಗೆ ತರಗತಿಯ ಕಾಲು ಭಾಗ ಮಾತ್ರ ಬರೆಯಲಿ, ಸರದಿ ಪಟ್ಟಿ ಮೊದಲೇ ಹಾಕಿ. 48 ಮಂದಿ ಇದ್ದರೆ ಸೆಮಿನಾರಿಗೆ 12 ಹಾಳೆ. ಕೊಡಲಿಕ್ಕೆ ಮರುದಿನ ಅಲ್ಲ, ಐದು ದಿನ. ಮಂಡಿಸಿದ ಗುಂಪಿನ ಅಂಕವನ್ನು ಸೆಮಿನಾರ್ ಮುಗಿದ ಹೊತ್ತಿಗೇ ಬರೆದು ಲಕೋಟೆಯಲ್ಲಿ ಹಾಕಿ ಮುಚ್ಚಿಬಿಡಿ, ತರಗತಿಯ ಕಣ್ಣೆದುರಿಗೇ. ಆಮೇಲೆ ಬರುವ ಹಾಳೆಯಿಂದ ಆ ಅಂಕ ಅಲ್ಲಾಡುವುದಿಲ್ಲ ಅಂತ ಗೊತ್ತಾದರೆ ಕೈ ಸಡಿಲವಾಗುತ್ತದೆ. ಹಾಳೆಗೆ ಬರೆದವರ ಅಂಕ ಮಾತ್ರ. ಹತ್ತಕ್ಕೆ ಹೀಗೆ ಹಂಚಿ: ಹೇಳಿಕೆ ಸರಿಯಾಗಿ ಎತ್ತಿದ್ದಕ್ಕೆ 2, ತಪಾಸಣೆಗೆ 5, ತೀರ್ಮಾನಕ್ಕೆ 3. ಹೇಳಿಕೆ ಸರಿ ಇದೆ ಅಂತ ತೀರಿದರೂ ಪೂರ್ತಿ ಅಂಕ ಸಿಗಬೇಕು. ಇಲ್ಲದಿದ್ದರೆ ತಪ್ಪು ಹುಡುಕುವುದೇ ಒಂದು ಚಟವಾಗುತ್ತದೆ.

ತದಡಿ ದಕ್ಕೆ, ಕುಮಟಾ

ಮೂಲ: ಇಂಟರ್ನೆಟ್. ಇದು ಎಲ್ಲ ಸ್ಲೈಡಿನ ಕೆಳಗೆ ಇರುತ್ತದೆ. ಮೀನು ಎಲ್ಲಿ ಸಿಕ್ಕಿತು ಮಾರಾಯಾ ಅಂದರೆ ನೀರಲ್ಲಿ ಅಂದ ಹಾಗೆ.

ಮೀನುಗಾರಿಕೆ ನಿಷೇಧದ ಸೆಮಿನಾರಿನಲ್ಲಿ ತಪ್ಪದೆ ಬರುವ ಮೂರು ಹೇಳಿಕೆ ನೋಡಿ.

‘ಮಳೆಗಾಲದಲ್ಲಿ ಎರಡು ತಿಂಗಳು ಮೀನುಗಾರಿಕೆ ಬಂದ್.’ ಜೂನ್ 1ರಿಂದ ಜುಲೈ 31, 61 ದಿನ, ಅದು ಸರಿ. ಬಂದ್ ಆಗುವುದು ಟ್ರಾಲರ್, ಪರ್ಸೀನ್‌ನಂಥ ಯಾಂತ್ರೀಕೃತ ಬೋಟು. ಪಾತಿ ದೋಣಿ, 10 ಅಶ್ವಶಕ್ತಿಯೊಳಗಿನ ಮೋಟಾರು ಕಟ್ಟಿದ ನಾಡದೋಣಿಗೆ ನಿಷೇಧ ಇಲ್ಲ. ಈ ವ್ಯತ್ಯಾಸ ಬಿಟ್ಟರೆ ಸೆಮಿನಾರಿನ ಅರ್ಧ ಜೀವ ಹೋಯಿತು. ಆಳಸಮುದ್ರದ ಬೋಟಿನವರಿಗೂ ನಾಡದೋಣಿಯವರಿಗೂ ಇರುವ ತಕರಾರೇ ಇಲ್ಲಿನ ನೀತಿಯ ವಿಷಯ.

‘ನಿಷೇಧದ ಅವಧಿಗೆ ಸರ್ಕಾರ 4,500 ರೂಪಾಯಿ ಕೊಡುತ್ತದೆ.’ ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ 1,500 ಮೀನುಗಾರರೇ ಕಟ್ಟಿದ್ದು. ಸರ್ಕಾರದ್ದು 3,000, ಅದರಲ್ಲಿ ಕೇಂದ್ರ, ರಾಜ್ಯ ಅರ್ಧರ್ಧ. ತಮ್ಮ ದುಡ್ಡೇ ಮೂರನೇ ಒಂದು ಪಾಲು ವಾಪಸು ಬರುವುದನ್ನು ಸಹಾಯಧನ ಅಂತ ಬರೆದರೆ ಬೈತಖೋಲದಲ್ಲಿ ಬಲೆ ಹೆಣೆಯುತ್ತ ಕೂತವರು ನಗುತ್ತಾರೆ.

‘ಸಮುದ್ರ ಕೇಂದ್ರದ್ದು.’ ದಡದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ಸಂವಿಧಾನದ ರಾಜ್ಯಪಟ್ಟಿಯಲ್ಲಿದೆ, ಅದರಾಚೆಗಿನದು ಕೇಂದ್ರಪಟ್ಟಿಯಲ್ಲಿ. ಬೆಳಕು ಮೀನುಗಾರಿಕೆ (ದೀಪ ಹಾಕಿ ಮೀನು ಸೆಳೆದು ಹಿಡಿಯುವುದು) ವಿಷಯ ಎತ್ತುವ ಗುಂಪಿಗೆ ಮೊದಲು ಕೇಳಬೇಕಾದ ಪ್ರಶ್ನೆ, ‘ಎಷ್ಟು ಮೈಲಿ ಒಳಗೆ?’

ಕಾಳಿ ಸಂಗಮ, ಕಾರವಾರ

ಲಕೋಟೆ ಉಪಾಯ ಹಿಡಿಸಿತು. ಆದರೆ ಆಸ್ಪತ್ರೆಯಂಥ ವಿಷಯದಲ್ಲಿ ತಪಾಸಣೆ ಮಾಡಲಿಕ್ಕೆ ಹೇಳಿಕೆಯೇ ಇರುವುದಿಲ್ಲ. ‘ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕು’, ಎಲ್ಲರೂ ಚಪ್ಪಾಳೆ. ಅಲ್ಲಿ ಎಂತ ಬರೆಸುವುದು?

ಘಟ್ಟ ಇಳಿದವ, ಹೊನ್ನಾವರ

ಚಪ್ಪಾಳೆ ಬಿದ್ದ ಕಡೆಯೇ ನೀತಿ ಶುರುವಾಗುವುದು. ಬೇಕು ಅನ್ನುವುದರಲ್ಲಿ ಜಿಲ್ಲೆ ಒಂದೇ. ಎಲ್ಲಿ ಅಂದ ಕೂಡಲೇ ನಾಲ್ಕು ಹೋಳು. ಭಟ್ಕಳದವರಿಗೆ ಕಾರವಾರಕ್ಕಿಂತ ಮಣಿಪಾಲ ಹತ್ತಿರ. ಕಾರವಾರದವರು ಗೋವಾದ ಕಡೆ ಓಡುತ್ತಾರೆ. ಹಳಿಯಾಳ, ಮುಂಡಗೋಡ ಹುಬ್ಬಳ್ಳಿ–ಧಾರವಾಡದ ಬಾಗಿಲಲ್ಲೇ ಇವೆ. ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರ್ ಆಸುಪಾಸು. ಜೋಯಿಡಾದ ಒಳಗಿನ ಹಳ್ಳಿಗೆ ಎಲ್ಲವೂ ದೂರ. ಹಾಗಾದರೆ ಕುಮಟಾದಲ್ಲಿ ಕಟ್ಟಿದರೆ ಯಾವ ತಾಲೂಕಿನ ಎಷ್ಟು ಜನರ ದಾರಿ ನಿಜವಾಗಿ ಕಡಿಮೆಯಾಗುತ್ತದೆ? ಶಿರಸಿಯಲ್ಲಾದರೆ? ಇದಕ್ಕೆ ತಾಲೂಕುವಾರು ಜನಸಂಖ್ಯೆ ಮತ್ತು ರಸ್ತೆ ದೂರದ ಒಂದು ಕೋಷ್ಟಕ ಸಾಕು, ಮಧ್ಯಾಹ್ನ ಒಂದರಲ್ಲಿ ಆಗುವ ಕೆಲಸ.

ಜನಗಣತಿ ಬಳಸುವಾಗ ಒಂದು ಎಚ್ಚರ. 2011ರ ಲೆಕ್ಕದಲ್ಲಿ ಜಿಲ್ಲೆಯ ಜನಸಂಖ್ಯೆ 14.37 ಲಕ್ಷ, ತಾಲೂಕು 11. ದಾಂಡೇಲಿ ಆಗ ಹಳಿಯಾಳದೊಳಗೆ ಇತ್ತು. ಈಗಿನ 12 ತಾಲೂಕಿನ ಪಟ್ಟಿ ಹಿಡಿದು ಕೂತರೆ ದಾಂಡೇಲಿಯ ಖಾನೆ ಖಾಲಿ ಉಳಿಯುತ್ತದೆ, ಆಗ ಯಾರೋ ನಗರಸಭೆಯ ಅಂಕಿ ತಂದು ತುಂಬುತ್ತಾರೆ, ಹಳಿಯಾಳದಿಂದ ಕಳೆಯುವುದನ್ನು ಮರೆಯುತ್ತಾರೆ.

ಆಸ್ಪತ್ರೆ ಸ್ಲೈಡಿನ ಇನ್ನೊಂದು ರೋಗ ಶಬ್ದದ್ದು. ಮಲ್ಟಿ ಸ್ಪೆಷಾಲಿಟಿ, ಸೂಪರ್ ಸ್ಪೆಷಾಲಿಟಿ, ಟ್ರಾಮಾ ಸೆಂಟರ್, ಮೆಡಿಕಲ್ ಕಾಲೇಜು, ನಾಲ್ಕನ್ನೂ ಒಂದೇ ಅರ್ಥದಲ್ಲಿ ಬಳಸುತ್ತಾರೆ. ಹೆದ್ದಾರಿ ಅಪಘಾತದ ಗಾಯಾಳುವಿಗೆ ಬೇಕಾದದ್ದು ಟ್ರಾಮಾ: ರಾತ್ರಿ ಎರಡಕ್ಕೂ ಅರಿವಳಿಕೆ ತಜ್ಞ, ಶಸ್ತ್ರಚಿಕಿತ್ಸಕ, ಮೂಳೆ ತಜ್ಞ, ರಕ್ತನಿಧಿ. ನರರೋಗ, ಹೃದಯದ ಶಸ್ತ್ರಚಿಕಿತ್ಸೆಗೆ ಬೇಕಾದದ್ದು ಬೇರೆ. ಕಟ್ಟಡ ಒಮ್ಮೆ ಕಟ್ಟಿದರೆ ಮುಗಿಯಿತು. ತಜ್ಞರ ಹುದ್ದೆ ಮಂಜೂರಾಗಬೇಕು, ತುಂಬಬೇಕು, ಅವರು ಉಳಿಯಬೇಕು, ಪ್ರತಿ ತಿಂಗಳು ಸಂಬಳ ಆಗಬೇಕು. ‘ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದೆಷ್ಟು’ ಅನ್ನುವ ಪ್ರಶ್ನೆ ಇಲ್ಲದ ಆಸ್ಪತ್ರೆ ಸೆಮಿನಾರ್ ಬರೀ ಭಾಷಣ. ಈ ಅಂಕಿ ಮಾಹಿತಿ ಹಕ್ಕಿನಲ್ಲಿ ಸಿಗುತ್ತದೆ. 10 ರೂಪಾಯಿ ಶುಲ್ಕ, 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದೊಳಗೆ. ಸೆಮಿನಾರ್ ದಿನಾಂಕಕ್ಕಿಂತ ಆರು ವಾರ ಮೊದಲು ಹಾಕಿದರೆ ಮಾತ್ರ ಕೈಗೆ ಬರುತ್ತದೆ. ಹಿಂದಿನ ವಾರ ಹಾಕಿ ‘ಮಾಹಿತಿ ಕೊಡಲಿಲ್ಲ’ ಅಂತ ಸ್ಲೈಡ್ ಹಾಕುವುದು ನ್ಯಾಯ ಅಲ್ಲ.

ಹಳಿಯಾಳ ರಸ್ತೆ

‘ಆಸ್ಪತ್ರೆ ಇಲ್ಲದಿದ್ದರೆ ಮತ ಇಲ್ಲ’ ಅನ್ನುವುದನ್ನೂ ಸೇರಿಸಿ. ಮತದಾನ ಬಹಿಷ್ಕಾರ ಮಾಡಿದರೆ ಏನಾಗುತ್ತದೆ ಅಂತ ಯಾರೂ ಹೇಳುವುದಿಲ್ಲ.

ಬೂತ್ ಲೆಕ್ಕ, ಕುಮಟಾ

ಏನೂ ಆಗುವುದಿಲ್ಲ. ಆ ಬೂತಿನ ಸಾಲಿನಲ್ಲಿ ಸೊನ್ನೆ ಬರುತ್ತದೆ, ಉಳಿದ ಬೂತುಗಳ ಮೇಲೆ ಫಲಿತಾಂಶ ಬರುತ್ತದೆ. ಬಹಿಷ್ಕಾರದ ಬಲ ಇರುವುದು ಮತದಾನಕ್ಕಿಂತ ಮುಂಚಿನ ವಾರ, ಅಧಿಕಾರಿಗಳು ಮಾತುಕತೆಗೆ ಬರುವವರೆಗೆ. ಎಣಿಕೆಯ ದಿನ ಅದಕ್ಕೆ ತೂಕ ಇಲ್ಲ.

ನೋಟಾದ ಕಥೆಯೂ ಅದೇ. ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರ್ 27ರಂದು ಹೇಳಿದ ಮೇಲೆ ಬಂದದ್ದು. ಯಂತ್ರದಲ್ಲಿ ಎಲ್ಲ ಅಭ್ಯರ್ಥಿಗಳ ಕೆಳಗೆ ಕೊನೆಯ ಗುಂಡಿ. ‘ನೋಟಾಗೆ ಹೆಚ್ಚು ಬಿದ್ದರೆ ಮರುಚುನಾವಣೆ’ ಅಂತ ಪ್ರತಿ ನೋಟಾ ಸೆಮಿನಾರಿನಲ್ಲೂ ಒಬ್ಬರಾದರೂ ಹೇಳುತ್ತಾರೆ. ವಿಧಾನಸಭೆ, ಲೋಕಸಭೆಯಲ್ಲಿ ಹಾಗಿಲ್ಲ; ನೋಟಾ ಎಷ್ಟೇ ಇರಲಿ, ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆದ್ದಂತೆ. 49-ಒ ನಿಯಮವನ್ನೂ ನೋಟಾವನ್ನೂ ಒಂದೇ ಮಾಡುತ್ತಾರೆ. 49-ಒ ಅಂದರೆ ಮತಗಟ್ಟೆಗೆ ಹೋಗಿ ರಿಜಿಸ್ಟರಿನಲ್ಲಿ ಸಹಿ ಆದ ಮೇಲೆ ‘ಮತ ಹಾಕುವುದಿಲ್ಲ’ ಅಂತ ಅಧಿಕಾರಿಗೆ ಹೇಳಿ ಬರೆಸುವುದು. ಅಲ್ಲಿ ಗುಟ್ಟು ಉಳಿಯುವುದಿಲ್ಲ, ನೋಟಾದಲ್ಲಿ ಉಳಿಯುತ್ತದೆ. ಕೋರ್ಟಿನ ವಾದ ನಿಂತಿದ್ದೇ ಆ ಗುಟ್ಟಿನ ಮೇಲೆ.

ಒಂದು ಮತದ ಬೆಲೆ ಅಂತ ಉಪದೇಶ ಕೊಡುವ ಬದಲು ನಮ್ಮಲ್ಲೇ ಇರುವ ಅಂಕಿ ಕೊಡಿ. 2023ರಲ್ಲಿ ಕುಮಟಾ ವಿಧಾನಸಭಾ ಕ್ಷೇತ್ರದ ಗೆಲುವಿನ ಅಂತರ 676. ಬೂತು 200 ಅಂತ ಹಿಡಿದರೆ ಬೂತಿಗೆ ಮೂರೂವರೆ ಮತವೂ ಇಲ್ಲ. ಇದರಲ್ಲೂ ಮಕ್ಕಳು ತಪ್ಪುತ್ತಾರೆ: ಫಲಿತಾಂಶ ತಿರುಗಲಿಕ್ಕೆ 677 ಜನ ಮನಸ್ಸು ಬದಲಿಸಬೇಕು ಅಂತ ಬರೆಯುತ್ತಾರೆ. ಗೆದ್ದವರ ಕಡೆಯಿಂದ ಸೋತವರ ಕಡೆಗೆ 339 ಜನ ಹೋದರೆ ಸಾಕು, ಒಂದು ಮತ ಹೋದಾಗ ಅಂತರ ಎರಡು ಕಡಿಮೆಯಾಗುತ್ತದೆ. 338 ಹೋದರೆ ಸಮ. ಸಮವಾದರೆ ಚುನಾವಣಾಧಿಕಾರಿ ಚೀಟಿ ಎತ್ತುತ್ತಾರೆ, 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಲ್ಲೇ ಇದೆ. ಈ ಒಂದು ಲೆಕ್ಕವನ್ನು ಕರಿಹಲಗೆ ಮೇಲೆ ಮಾಡಿಸಿ, ಹತ್ತು ‘ಅಮೂಲ್ಯ ಮತ’ ಸ್ಲೈಡಿಗೆ ಸಮ.

ಸರಾಸರಿಯ ತಪ್ಪೂ ಇದೆ. 100 ಮತದಾರರ ಬೂತಿನಲ್ಲಿ 90 ಮತ, ಶೇ. 90. 1,100 ಮತದಾರರ ಬೂತಿನಲ್ಲಿ 660, ಶೇ. 60. ಎರಡರ ಸರಾಸರಿ ಶೇ. 75 ಅಂತ ಸ್ಲೈಡಿನಲ್ಲಿ ಬರುತ್ತದೆ. ಖರೆ ಲೆಕ್ಕ 1,200ಕ್ಕೆ 750, ಶೇ. 62.5. ಕಾಡಿನ ಸಣ್ಣ ಬೂತುಗಳೂ ಪೇಟೆಯ ದೊಡ್ಡ ಬೂತುಗಳೂ ಒಟ್ಟಿಗೆ ಇರುವ ನಮ್ಮಂಥ ಕ್ಷೇತ್ರದಲ್ಲಿ ಈ ತಪ್ಪು ದೊಡ್ಡದಾಗಿಯೇ ಕಾಣುತ್ತದೆ.

ಸೊಪ್ಪಿನಬೆಟ್ಟ, ಸಿದ್ದಾಪುರ

ಅರಣ್ಯ ಅತಿಕ್ರಮಣದ ಸೆಮಿನಾರನ್ನು ದಯವಿಟ್ಟು 12 ನಿಮಿಷಕ್ಕೆ ಕೊಡಬೇಡಿ. ಅಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳು ಒಂದೇ ಚೀಲದಲ್ಲಿವೆ.

1978ರ ಏಪ್ರಿಲ್ 27ಕ್ಕಿಂತ ಮುಂಚಿನ ಸಾಗುವಳಿಯ ಸಕ್ರಮದ ಪ್ರಶ್ನೆ ಒಂದು. 2006ರ ಅರಣ್ಯ ಹಕ್ಕು ಕಾಯ್ದೆ ಇನ್ನೊಂದು: ಅದರಲ್ಲಿ 2005ರ ಡಿಸೆಂಬರ್ 13ಕ್ಕೆ ಸ್ವಾಧೀನದಲ್ಲಿರಬೇಕು, ಗರಿಷ್ಠ 4 ಹೆಕ್ಟೇರ್, ಪರಿಶಿಷ್ಟ ಪಂಗಡದವರಲ್ಲದ ‘ಇತರ ಪಾರಂಪರಿಕ ಅರಣ್ಯವಾಸಿ’ಗಳಾದರೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿ ವಾಸ ಇದ್ದದ್ದಕ್ಕೆ ಪುರಾವೆ. ಮೂರನೆಯದು ಅಡಿಕೆ ತೋಟಕ್ಕೆ ಹೊಂದಿದ ಬೆಟ್ಟ. ಅಲ್ಲಿ ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು ಇದೆ, ಜಾಗದ ಮಾಲೀಕತ್ವ ಇಲ್ಲ. ನಾಲ್ಕನೆಯದು ಕಂದಾಯ ಭೂಮಿಯ ಬಗರ್‌ಹುಕುಂ (ಮಂಜೂರಾತಿ ಇಲ್ಲದ ಸಾಗುವಳಿ), ಅದು ಅರಣ್ಯವೇ ಅಲ್ಲ. ‘ಅತಿಕ್ರಮಣದಾರರಿಗೆ ಪಟ್ಟಾ ಕೊಡಬೇಕು’ ಅಂತಲೋ ‘ಕೊಡಬಾರದು’ ಅಂತಲೋ ಸ್ಲೈಡ್ ಬಂದರೆ ಕೇಳುವವರು ಬರೆಯಬೇಕಾದ ಪ್ರಶ್ನೆ ಒಂದೇ: ಈ ನಾಲ್ಕರಲ್ಲಿ ಯಾವುದು?

75 ವರ್ಷದ ವಿಷಯದಲ್ಲಿ ಬಲು ದೊಡ್ಡ ಗೊಂದಲ. ಅದೇ ತುಂಡು ಭೂಮಿಯನ್ನು 75 ವರ್ಷದಿಂದ ಉಳುತ್ತಿರಬೇಕು ಅಂತ ಸ್ಲೈಡಿನಲ್ಲಿ ಹಾಕುತ್ತಾರೆ. ಕಾಯ್ದೆ ಕೇಳುವುದು ಅರಣ್ಯದಲ್ಲಿ ಅಥವಾ ಅರಣ್ಯವನ್ನು ನೆಚ್ಚಿಕೊಂಡು ವಾಸ ಇದ್ದದ್ದನ್ನು. ಸಾಗುವಳಿಯ ಸ್ವಾಧೀನಕ್ಕೆ 2005ರ ದಿನಾಂಕ ಬೇರೆಯೇ ಇದೆ. ವಾಸ, ಸ್ವಾಧೀನ ಎರಡು ಶಬ್ದ, ಎರಡು ಪುರಾವೆ. ಅರ್ಜಿ ಮೊದಲು ಹೋಗುವುದು ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿಗೆ, ಆಮೇಲೆ ಉಪವಿಭಾಗ ಮಟ್ಟ, ಕೊನೆಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿ. ‘ಅರಣ್ಯ ಇಲಾಖೆ ಅರ್ಜಿ ತಿರಸ್ಕರಿಸಿತು’ ಅನ್ನುವ ವಾಕ್ಯ ಸಿಕ್ಕರೆ ಮೂರನೇ ಖಾನೆಗೆ ಅದೊಂದೇ ಸಾಕು, ಯಾಕಂದರೆ ತಿರಸ್ಕರಿಸುವ ಅಧಿಕಾರ ಇಲಾಖೆಯದಲ್ಲ, ಸಮಿತಿಯದು.

ಘಟ್ಟ ಇಳಿದವ, ಹೊನ್ನಾವರ

ಇದೇ ‘ಯಾರ ಕೈಲಿದೆ’ ಅನ್ನುವುದನ್ನು ಎಲ್ಲ ಸೆಮಿನಾರಿಗೂ ಕಡ್ಡಾಯ ಮಾಡಬಹುದು. 2024ರ ಜುಲೈ 16ರ ಅಂಕೋಲಾ ತಾಲೂಕಿನ ಶಿರೂರು ಗುಡ್ಡ ಕುಸಿತವನ್ನೇ ತೆಗೆದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 66 ಕೇಂದ್ರಪಟ್ಟಿ. ಅರಣ್ಯ ಸಮವರ್ತಿ ಪಟ್ಟಿ, 1976ರ 42ನೇ ತಿದ್ದುಪಡಿಯಿಂದ. ರಕ್ಷಣೆ, ಪರಿಹಾರ ನಡೆಸಬೇಕಾದದ್ದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ, 2005ರ ಕಾಯ್ದೆಯಂತೆ. ರಾಜ್ಯ ವಿಪತ್ತು ಪರಿಹಾರ ನಿಧಿಯಲ್ಲಿ ಕೇಂದ್ರ 75, ರಾಜ್ಯ 25. ‘ಸರ್ಕಾರ ಏನು ಮಾಡಿತು’ ಅನ್ನುವ ಪ್ರಶ್ನೆಗೆ ಇಲ್ಲಿ ಮೂರು ಉತ್ತರ ಇದೆ. ಸಂಸದರಿಗೆ ಕೇಳುವುದು ಬೇರೆ, ಶಾಸಕರಿಗೆ ಕೇಳುವುದು ಬೇರೆ, ಡೀಸಿ ಕಚೇರಿಗೆ ಕೇಳುವುದು ಬೇರೆ.

ಹಳಿಯಾಳ ರಸ್ತೆ

ಈ ಪಟ್ಟಿಗಳಿರುವ ಸಂವಿಧಾನದ ಏಳನೇ ಅನುಸೂಚಿ ನೋಡಿಕೊಂಡು ಯಾರು ಮತ ಹಾಕುತ್ತಾರೆ ಮಾರಾಯ್ರೆ? ಚರಂಡಿಗೂ ಸಂಸದರನ್ನೇ ಬೈಯುವುದು ಜನ. ಸೆಮಿನಾರ್ ಅದನ್ನು ತೋರಿಸಬೇಕು, ಪಟ್ಟಿ ಬಾಯಿಪಾಠ ಅಲ್ಲ.

ಘಟ್ಟ ಇಳಿದವ, ಹೊನ್ನಾವರ

ಅದೂ ಸರಿಯೇ. ಹಾಗಾದರೆ ಎರಡು ಕಾಲಂ ಮಾಡಿಸಿ: ಜನ ಯಾರನ್ನು ಕೇಳುತ್ತಾರೆ, ಅಧಿಕಾರ ಯಾರಲ್ಲಿದೆ. ಎರಡೂ ಒಂದೇ ಆಗದ ಸಾಲೇ ಚರ್ಚೆಗೆ ಯೋಗ್ಯ.

ಫಾಂಟ್ ರಿಪೇರಿ, ಶಿರಸಿ

ಇಷ್ಟೆಲ್ಲ ತಪಾಸಣೆ ಮಾಡಲಿಕ್ಕೆ ಮೊದಲು ಸ್ಲೈಡ್ ಓದಲಿಕ್ಕೆ ಬರಬೇಕಲ್ಲ. ಸೈಬರ್ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೆಯ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿಸಿದ ಪಿಪಿಟಿ ಕಾಲೇಜಿನ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರದ ಬದಲು ರೋಮನ್ ಲಿಪಿಯ ಕಸ ಬರುತ್ತದೆ. ಯುನಿಕೋಡ್‌ನಲ್ಲೇ ಟೈಪ್ ಮಾಡಿ, ಫೋನಿನಲ್ಲಿ ಮಾಡುವುದೆಲ್ಲ ಯುನಿಕೋಡ್‌ನಲ್ಲೇ ಇರುತ್ತದೆ. ಆಗಲೇ ನುಡಿಯಲ್ಲಿ ಆಗಿಹೋಗಿದ್ದರೆ ಅದೇ ಅಂಗಡಿಯಲ್ಲಿ ಪಿಡಿಎಫ್ ಮಾಡಿಸಿಕೊಂಡು ಬನ್ನಿ, ಫಾಂಟ್ ಅದರೊಳಗೇ ಬರುತ್ತದೆ. ಹಳೆಯ ಸರ್ಕಾರಿ ಪಿಡಿಎಫ್‌ಗಳಿಂದ ಕನ್ನಡ ಕಾಪಿ ಮಾಡಿದರೂ ಇದೇ ಗತಿ, ಯುನಿಕೋಡ್‌ಗೆ ಪರಿವರ್ತಿಸಬೇಕು, ಇಲ್ಲವೇ ಕೈಯಿಂದ ಟೈಪ್ ಮಾಡಬೇಕು.

ಅಕ್ಷರ 28ಕ್ಕಿಂತ ಸಣ್ಣದು ಬೇಡ, ಒತ್ತಕ್ಷರ ಹಿಂದಿನ ಬೆಂಚಿಗೆ ಕಾಣುವುದಿಲ್ಲ. ಹಳೆಯ ಪ್ರೊಜೆಕ್ಟರಿಗೆ ಬಿಳಿ ಹಿನ್ನೆಲೆ, ಕಪ್ಪು ಅಕ್ಷರ. 12 ನಿಮಿಷಕ್ಕೆ ಎಂಟು ಸ್ಲೈಡ್ ದಾಟಿದರೆ ಓದಿ ಮುಗಿಸುವುದೇ ಆಗುತ್ತದೆ. ಪ್ರತಿ ಸ್ಲೈಡಿಗೂ ದೊಡ್ಡದಾಗಿ ನಂಬರ್ ಹಾಕಿ, ಇಲ್ಲದಿದ್ದರೆ ಅಪ್ಪೆಮಿಡಿಯವರ ಒಂದನೇ ಖಾನೆ ತುಂಬುವುದೇ ಇಲ್ಲ. ಜುಲೈನಲ್ಲಿ ಸೆಮಿನಾರ್ ಇಟ್ಟರೆ ಮುಖ್ಯ ಕೋಷ್ಟಕ ಒಂದನ್ನಾದರೂ ಡ್ರಾಯಿಂಗ್ ಶೀಟಿನಲ್ಲಿ ಬರೆದುಕೊಂಡಿರಿ. ನಮ್ಮ ಕಡೆ ಮಳೆಗೂ ಕರೆಂಟಿಗೂ ಇರುವ ಸಂಬಂಧ ಹೇಳಬೇಕಾಗಿಲ್ಲ.

ಐದನೇ ಸೆಮ್, ಅಂಕೋಲಾ

ಒಂದು ಮಾದರಿ ಹಾಕುತ್ತೇನೆ, ತದಡಿಯವರ ಮೀನಿನ ಸ್ಲೈಡ್ ಹಿಡಿದು. ಸರಿಯಿದೆಯಾ ನೋಡಿ.

‘ಹೇಳಿಕೆ: ಸ್ಲೈಡ್ 5, ನಿಷೇಧದ ಅವಧಿಗೆ ಸರ್ಕಾರ ಪ್ರತಿ ಮೀನುಗಾರರಿಗೆ 4,500 ರೂ. ಪರಿಹಾರ ನೀಡುತ್ತದೆ. ತಪಾಸಣೆ: ಯೋಜನೆಯ ಮಾರ್ಗಸೂಚಿಯಲ್ಲಿ ಮೀನುಗಾರರ ವಂತಿಗೆ 1,500, ಸರ್ಕಾರದ ಪಾಲು 3,000 ಎಂದಿದೆ. ತೀರ್ಮಾನ: ಹೇಳಿಕೆ ಅರ್ಧ ಸರಿ. ಮೊತ್ತ ಸರಿ, ಕೊಡುವವರು ತಪ್ಪು. 3,000ವನ್ನು 61 ದಿನಕ್ಕೆ ಹಂಚಿದರೆ ದಿನಕ್ಕೆ 49 ರೂ. ಆದ್ದರಿಂದ ಪರಿಹಾರ ಸಾಲದು.’

ತದಡಿ ದಕ್ಕೆ, ಕುಮಟಾ

ಅಡ್ಡಿಲ್ಲ, ಮೊದಲಿನ ಹಾಳೆಗೆ ಹೋಲಿಸಿದರೆ ಬೇರೆಯೇ ಜಾತಿ. ಎರಡು ತಿದ್ದುಪಡಿ. ಆ ಹಣ ಮೂರು ತಿಂಗಳಿಗೆ ಅಂತ ಲೆಕ್ಕ ಹಾಕಿದ್ದು, ತಿಂಗಳಿಗೆ 1,500ರ ಹಾಗೆ. 61 ದಿನಕ್ಕೆ ಹಂಚಿದ್ದು ನಿಮ್ಮ ಲೆಕ್ಕ, ಯೋಜನೆಯದಲ್ಲ. ಹಂಚಬಹುದು, ಆದರೆ ಹಾಗಂತ ಹೇಳಿ ಹಂಚಬೇಕು. ಎರಡನೆಯದು, ‘ಪ್ರತಿ ಮೀನುಗಾರರಿಗೆ’ ಅನ್ನುವುದನ್ನೇ ಬಿಟ್ಟುಬಿಟ್ಟಿರಿ. ಎಲ್ಲರಿಗೂ ಇಲ್ಲ, ನೋಂದಾಯಿಸಿಕೊಂಡು ವಂತಿಗೆ ಕಟ್ಟಿದ ಅರ್ಹರಿಗೆ ಮಾತ್ರ. ಬೋಟಿನ ಮೇಲೆ ದುಡಿಯುವ ಹೊರರಾಜ್ಯದ ಕಲಾಸಿಗೆ ಇಲ್ಲಿಯ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ.

ಅಪ್ಪೆಮಿಡಿ, ಶಿರಸಿ

‘ಆದ್ದರಿಂದ ಪರಿಹಾರ ಸಾಲದು’ ಅನ್ನುವಲ್ಲಿ ಒಂದು ಮೆಟ್ಟಿಲು ಹಾರಿದೆ. ಸಾಲದು ಅನ್ನಲಿಕ್ಕೆ ಯಾವುದಕ್ಕೆ ಹೋಲಿಸಿದಿರಿ ಅಂತ ಬೇಕು. ಒಂದು ದಿನದ ಉದ್ಯೋಗ ಖಾತ್ರಿ ಕೂಲಿಗೆ ಹೋಲಿಸಿ, ಸಾಕು.

ಗ್ಯಾರಂಟಿ ಸೆಮಿನಾರಿಗೂ ಇದೇ ಮದ್ದು. ಅಲ್ಲಿ ಬರೇ ‘ಬಿಟ್ಟಿ ಭಾಗ್ಯ’ ಮತ್ತು ‘ಬಡವರ ಬದುಕು’ ಗುದ್ದಾಡುತ್ತವೆ. ಗೃಹಲಕ್ಷ್ಮಿ ತಿಂಗಳಿಗೆ 2,000, ವರ್ಷಕ್ಕೆ 24,000. ಒಂದು ಕೋಟಿ ಮನೆ ಅಂತ ಹಿಡಿದರೆ 24,000 ಕೋಟಿ. ಸೊನ್ನೆ ಎಣಿಸುವ ಕಷ್ಟವೇ ಇಲ್ಲ, ಆದರೂ ಸ್ಲೈಡಿನಲ್ಲಿ 2,400 ಕೋಟಿ ಅಂತಲೋ 2.4 ಲಕ್ಷ ಕೋಟಿ ಅಂತಲೋ ಬರುತ್ತದೆ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದದ್ದು. ಅದನ್ನು ಹೊಗಳುವ ಗುಂಪಾಗಲಿ ತೆಗಳುವ ಗುಂಪಾಗಲಿ, ಊರಿಗೆ ದಿನಕ್ಕೆ ಎಷ್ಟು ಬಸ್ ಬರುತ್ತದೆ ಅಂತ ಹೇಳಲಿ. ದಿನಕ್ಕೆ ಎರಡೇ ಬಸ್ ಇರುವ ಹಳ್ಳಿಗೂ ಹತ್ತು ನಿಮಿಷಕ್ಕೊಂದು ಇರುವ ಊರಿಗೂ ಉಚಿತ ಟಿಕೆಟಿನ ಬೆಲೆ ಒಂದೇ ಅಲ್ಲ.

ಕಾಳಿ ಸಂಗಮ, ಕಾರವಾರ

ಇನ್ನೆರಡು ಸಂಶಯ. ಕೆಲವರು ಮನೆಯಲ್ಲಿ ಕೊಂಕಣಿ, ಮರಾಠಿ, ನವಾಯತಿ ಮಾತಾಡುವವರು. ವಾದ ಚೆನ್ನಾಗಿ ಇರುತ್ತದೆ, ಬರೆಯುವಾಗ ಕನ್ನಡ ಕೈಕೊಡುತ್ತದೆ. ಮತ್ತೆ, ಚುನಾವಣೆ ಘೋಷಣೆಯಾದ ಮೇಲೆ ತರಗತಿಯಲ್ಲಿ ಅಣಕು ಮತದಾನ ಮಾಡಿಸಬಹುದೋ?

ಬೂತ್ ಲೆಕ್ಕ, ಕುಮಟಾ

ಅಣಕು ಮತದಾನ ಮಾಡಿಸಿ, ಆದರೆ ಪಕ್ಷ, ಅಭ್ಯರ್ಥಿ, ಚಿಹ್ನೆ ಬೇಡ. ‘ಆಸ್ಪತ್ರೆ, ರಸ್ತೆ, ಬಂದರು, ಭೂಮಿ ಹಕ್ಕು’ ಅಂತ ವಿಷಯಗಳನ್ನೇ ಅಭ್ಯರ್ಥಿ ಮಾಡಿ. ಮತದಾನ ಮುಗಿಯುವವರೆಗೆ ಎಕ್ಸಿಟ್ ಪೋಲ್ ಪ್ರಕಟಿಸುವುದಕ್ಕೆ ಪ್ರಜಾಪ್ರಾತಿನಿಧ್ಯ ಕಾಯ್ದೆಯ 126-ಎ ಕಲಮಿನಡಿ ನಿಷೇಧ ಇದೆ. ತರಗತಿಯ ಆಟದ ಫಲಿತಾಂಶ ವಾಟ್ಸಾಪಿನಲ್ಲಿ ‘ಕಾಲೇಜು ಸಮೀಕ್ಷೆ’ ಅಂತ ಓಡಾಡಿದರೆ ಸಂಜೆಯೊಳಗೆ ಪ್ರಿನ್ಸಿಪಾಲರಿಗೆ ಫೋನ್.

ಘಟ್ಟ ಇಳಿದವ, ಹೊನ್ನಾವರ

ಭಾಷೆಗೆ: ಒಂದನೇ, ಎರಡನೇ ಖಾನೆ ಎತ್ತಿ ಬರೆಯುವುದು, ಅಂಕಿ ಬರೆಯುವುದು. ಅಲ್ಲಿ ತೊಂದರೆ ಬರುವುದಿಲ್ಲ. ಮೂರನೆಯದನ್ನು ಬೇಕಾದರೆ ಬಾಯಿಯಲ್ಲಿ ಹೇಳಲಿ, ಪಕ್ಕದವರು ಕನ್ನಡದಲ್ಲಿ ಬರೆದುಕೊಡಲಿ, ಇಬ್ಬರ ಸಹಿ ಇರಲಿ. ಕಾಗುಣಿತಕ್ಕೆ ಅಂಕ ಕಳೆಯಬೇಡಿ. ಫೋನಿನ ಎಐ ಬರೆದುಕೊಟ್ಟ ಹಾಳೆ ಬರುವ ಹೆದರಿಕೆಯೂ ಇದರಲ್ಲಿ ಕಡಿಮೆ. ಸ್ಲೈಡ್ 5ರಲ್ಲಿ ಏನಿತ್ತು ಅಂತ ಅದಕ್ಕೆ ಗೊತ್ತಿರುವುದಿಲ್ಲ.

ಕಾಳಿ ಸಂಗಮ, ಕಾರವಾರ

ಹಾಗಾದರೆ ಮುಂದಿನ ಸರದಿ ನೋಟಾ ಗುಂಪಿನದು, 12 ಹಾಳೆ, ಐದು ದಿನ, ಲಕೋಟೆ. ಅರಣ್ಯದ್ದು ಎರಡು ತರಗತಿಗೆ ಒಡೆಯುತ್ತೇನೆ: ಮೊದಲ ದಿನ ನಾಲ್ಕು ಸಂಗತಿ ಬಿಡಿಸುವುದು, ಎರಡನೇ ದಿನ ವಾದ. ಹಾಳೆ ಎ-4 ಅರ್ಧದಲ್ಲಿ ಅಚ್ಚು ಹಾಕಿಸುತ್ತೇನೆ.

ಐದನೇ ಸೆಮ್, ಅಂಕೋಲಾ

ಮೇಡಂ, ಅಚ್ಚು ಹಾಕಿಸುವಾಗ ಒಂದನೇ ಖಾನೆಗೆ ಎರಡು ಗೆರೆ ಸಾಕು, ಎರಡನೆಯದಕ್ಕೆ ಹತ್ತು ಗೆರೆ ಬಿಡಿ. ಮೂರೂ ಸಮ ಇದ್ದರೆ ಮೂರನೆಯದರಲ್ಲಿ ಮತ್ತೆ ‘ಇಂಥ ಸೆಮಿನಾರ್ ಇನ್ನೂ ನಡೆಯಲಿ’ ಬರುತ್ತದೆ.